ಅಪ್‌ಡೇಟ್: ದೇವಿಮನೆ ಘಾಟಿಯಲ್ಲಿ ಕೂಗುತ್ತಿದ್ದ ಹೈಬ್ರಿಡ್ ಇಂಜಿನ್

ಕುಮಟಾದಿಂದ ಶಿರಸಿಗೆ ಘಾಟಿ ಹತ್ತುವಾಗ ನನ್ನ ಹೈಬ್ರಿಡ್ ಕಾರಿನ 1.5 ಲೀಟರ್ ಇಂಜಿನ್ ಜೋರಾಗಿ ಕೂಗುತ್ತದೆ, ವೇಗ ಮಾತ್ರ ಏರಲ್ಲ, ಕೆಟ್ಟಿದೆಯಾ ಅಂತ ಕೇಳಿದ್ದೆ ಅಲ್ವಾ? ಇಂಜಿನ್‌ಗೆ ಏನೂ ಆಗಿಲ್ಲ! ಇದು ಅಟ್ಕಿನ್ಸನ್ ಸೈಕಲ್ ಇಂಜಿನ್. ಗಾಳಿ ಒಳಬಿಡುವ ವಾಲ್ವ್ ತಡವಾಗಿ ಮುಚ್ಚುತ್ತದೆ. ಪೆಟ್ರೋಲ್ ಉಳಿಯುತ್ತದೆ, ಎಳೆಯುವ ಶಕ್ತಿ ಸ್ವಲ್ಪ ಕಡಿಮೆ. ಆ ಕೊರತೆಯನ್ನು ಬ್ಯಾಟರಿಯಿಂದ ಓಡುವ ಎಲೆಕ್ಟ್ರಿಕ್ ಮೋಟಾರ್ ತುಂಬಬೇಕು. 1997ರ ಟೊಯೋಟಾದ ಮೊದಲ ಹೈಬ್ರಿಡ್ ಕಾರು ಪ್ರಿಯಸ್‌ನಲ್ಲೂ ಇದೇ ಲೆಕ್ಕ.

ನನ್ನ ಕಾರಿನಲ್ಲಿ ಬ್ಯಾಟರಿ ಬಿಸಿಯಾಗಿ ಮೋಟಾರ್ ಕೈಕೊಡುತ್ತಿತ್ತು. ಹಿಂದಿನ ಸೀಟಿನ ಹತ್ತಿರ ಬ್ಯಾಟರಿ ತಂಪಾಗಿಸಲು ಗಾಳಿ ಎಳೆಯುವ ಜಾಲರಿ ಬಿಚ್ಚಿದರೆ ಫಿಲ್ಟರ್ ತುಂಬಾ ತೆಂಗಿನ ನಾರು, ಕೆಂಪು ಧೂಳು. ಪ್ರತಿ ವಾರ ಕಾಯಿ ಚೀಲ ಅಲ್ಲೇ ಇಡುತ್ತಿದ್ದೆ. ಸ್ವಚ್ಛ ಮಾಡಿ ಮೊನ್ನೆ ಮತ್ತೆ ಹತ್ತಿದೆ. ಕಡಿದಾದ ತಿರುವಿನಲ್ಲಿ ಸದ್ದು ಈಗಲೂ ಇದೆ, ಅದು ಸಹಜ. ಆದರೆ ಕಾರು ಚೆನ್ನಾಗಿ ಎಳೆಯುತ್ತದೆ. ಜಾಲರಿ ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್.