ಸಾವಾದ ಮನೆಯ ಪ್ರಾರ್ಥನೆಗೆ ಯಾವ ಬೈಬಲ್ ವಾಕ್ಯ ಓದಬೇಕು?

ಪ್ರಶ್ನೆ:
ಎಳೇ ಪ್ರಾಯದ ಮಗ ತೀರಿಕೊಂಡ ಮನೆಯಲ್ಲಿ ಈ ವಾರ ಪ್ರಾರ್ಥನಾ ಕೂಟ ಇದೆ. ನಡೆಸಿಕೊಡೋ ಹೊಣೆ ನನ್ನದು. ಸಾಮಾನ್ಯವಾಗಿ ರೋಮಾಪುರ 8:28 (ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೇದಕ್ಕೇ ಆಗುತ್ತೆ ಅನ್ನೋ ವಚನ) ಓದಿ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ತಾಳ್ಮೆ ಬಗ್ಗೆ ಎರಡು ಮಾತಾಡ್ತಾರೆ. ತಾಯಿ ಮಾತ್ರ "ದೇವರು ಯಾಕೆ ಹೀಗೆ ಮಾಡಿದ" ಅಂತಲೇ ಅಳ್ತಿದ್ದಾರೆ. ಏನು ಓದಲಿ, ಎಷ್ಟು ಹೊತ್ತು?

ಉತ್ತರ 1:
ಅಕ್ಕಾ, 8:28 ಸತ್ಯವೇ, ಆದರೆ ಈಗಲೇ ಬೇಡ. ಹೆತ್ತ ತಾಯಿಗೆ ಅದು ಮಗ ಸತ್ತದ್ದೇ ಒಳ್ಳೇದಾಯ್ತು ಅಂದಹಾಗೆ ಕೇಳಿಸುತ್ತೆ. ಕೀರ್ತನೆ 13 ತಗೊಳ್ಳಿ, ಆರೇ ವಚನ. 1-2 ದೂರು, 3-4 ಬೇಡಿಕೆ, 5-6 ಭರವಸೆ. ಎರಡನೇ ವಚನ ಆದಮೇಲೆ ಒಂದು ನಿಮಿಷ ಸುಮ್ಮನಿರಿ. ಕೊನೆಯ ಎರಡು ವಚನ ತಾಯಿಯಿಂದ ಓದಿಸಬೇಡಿ. ಅವರ ಬಾಯಲ್ಲಿ ಇನ್ನೂ ಬಾರದ ಆ ಭರವಸೆಯನ್ನು ಸಭೆಯೇ ಅವರ ಪರವಾಗಿ ಹೇಳಲಿ. ಒಂದು ಹಾಡು, ಓದು, ಪ್ರಾರ್ಥನೆ: 20 ನಿಮಿಷ ಸಾಕು.

ಉತ್ತರ 2:
ಯೋಬನ ತಾಳ್ಮೆಯನ್ನು ಯಾಕೋಬ 5:11 ನೆನೆಯುತ್ತದೆ ನಿಜ. ಆದರೆ ಅದೇ ಯೋಬ 3ನೇ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಗೆಳೆಯರು ಏಳು ಹಗಲು ಏಳು ರಾತ್ರಿ ತುಟಿಪಿಟಕ್ಕೆನ್ನದೆ ಅವನ ಜೊತೆ ನೆಲದ ಮೇಲೆ ಕೂತರು (2:13). ಅಲ್ಲಿಯವರೆಗೆ ಎಲ್ಲ ಸರಿಯಿತ್ತು, ಕಾರಣ ಹೇಳಲು ಹೊರಟಾಗ ಕೆಟ್ಟಿತು. 42:7ರಲ್ಲಿ ದೇವರ ಕೋಪ ಉರಿದದ್ದು ಅವರ ಮೇಲೆ. ಹಾಗಾಗಿ ಬಂದವರು ಯಾರಾದರೂ "ವಿಶ್ವಾಸ ಸಾಲಲಿಲ್ಲ", "ಏನೋ ಪಾಪ ಇತ್ತು" ಅಂತ ಶುರುಮಾಡಿದರೆ ತಕ್ಷಣ ಒಂದು ಹಾಡು ಎತ್ತಿಬಿಡಿ.

ಮರುಪ್ರಶ್ನೆ:
"ಯಾಕೆ" ಅಂತ ನನ್ನನ್ನೇ ನೇರವಾಗಿ ಕೇಳಿದರೆ?

ಉತ್ತರ 3:
"ಗೊತ್ತಿಲ್ಲಮ್ಮ" ಅನ್ನಿ. ಯೋಹಾನ 11ರಲ್ಲಿ ಮಾರ್ಥ, ಮರಿಯ ಎಂಬ ಅಕ್ಕತಂಗಿಯರಿಬ್ಬರೂ ಯೇಸುವಿಗೆ ಹೇಳಿದ್ದು ಒಂದೇ ಮಾತು: ನೀನು ಇಲ್ಲಿದ್ದಿದ್ದರೆ ನಮ್ಮ ಸಹೋದರ ಲಾಜರ ಸಾಯುತ್ತಿರಲಿಲ್ಲ (21, 32). ಮಾರ್ಥಳಿಗೆ ಪುನರುತ್ಥಾನದ ಮಾತು ಸಿಕ್ಕಿತು. ಮರಿಯಳ ಮುಂದೆ ಯೇಸು ಕಣ್ಣೀರು ಬಿಟ್ಟ, ಲಾಜರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೂ. ಆ ತಾಯಿ ಮಾತು ಕೇಳುವ ಸ್ಥಿತಿಯಲ್ಲಿದ್ದರೆ ಆ ಪುನರುತ್ಥಾನದ ಮಾತನ್ನೇ (25ನೇ ವಚನ) ಓದಿ. ಇಲ್ಲದಿದ್ದರೆ ಕೈ ಹಿಡಿದು ಪಕ್ಕದಲ್ಲಿ ಕೂತಿರಿ.

ಕೂಟ ಮುಗಿದಮೇಲಿನ ದಿನಗಳೇ ಕಷ್ಟ, ಬರುವವರು ಕಡಿಮೆಯಾಗ್ತಾರೆ. ಸಭೆಯ ಹೆಂಗಸರು ವಾರಕ್ಕೊಬ್ಬರಂತೆ ಮೂರು ತಿಂಗಳು ಹಂಚಿಕೊಳ್ಳಿ. ಬರಿಗೈಲಿ ಹೋಗದೆ ಸಾರು-ಅನ್ನ ಒಯ್ಯಿರಿ, ಮಗನ ಹೆಸರು ಹಿಡಿದೇ ಮಾತಾಡಿ. ಸಾಯಬೇಕೆಂದ ಪ್ರವಾದಿ ಎಲೀಯನಿಗೂ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು (1 ಅರಸು 19). ವಾರಗಟ್ಟಲೆ ಊಟ, ನಿದ್ದೆ ಇಲ್ಲದಿದ್ದರೆ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಸಾಯುವ ಮಾತೆತ್ತಿದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡ್ತಾರೆ.