ಪದಚರ್ಚೆ: ‘ಕವರ್’ ಹರಿದಿದೆ ಅಂದರೆ ಯಾವುದು ಹರಿದಿದೆ?

ಗೆಳೆಯರೇ, ಅಮೆರಿಕದ ಕಾಮಿಕ್ಸ್ ಕಂಪನಿ ಮಾರ್ವೆಲ್‌ನವರು 1992ರಲ್ಲಿ ತಂದ ‘ರೈಸ್ ಆಫ್ ದ ಮಿಡ್‌ನೈಟ್ ಸನ್ಸ್’ ಕಾಮಿಕ್ಸನ್ನು ಮತ್ತೆ ಓದಿ, ಅದರ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಗೊತ್ತಿಲ್ಲದವರಿಗೆ ಚುಟುಕಾಗಿ ಕಥೆ. ದೆವ್ವಗಳ ತಾಯಿ ಲಿಲಿತ್ ಎದ್ದು ಬರುತ್ತಾಳೆ, ತನ್ನ ಸಂತಾನವನ್ನೆಲ್ಲ ಒಟ್ಟು ಹಾಕುತ್ತಾಳೆ. ಅವಳನ್ನು ತಡೆಯಲು ಒಂಬತ್ತು ಮಂದಿ ಸೇರಬೇಕು, ಅವರೇ ಈ ‘ಮಿಡ್‌ನೈಟ್ ಸನ್ಸ್’. ತಲೆಬುರುಡೆ ಉರಿಯುವ ಬೈಕ್ ಸವಾರನ ಸರಣಿ ‘ಘೋಸ್ಟ್ ರೈಡರ್’ನ 28ನೇ ಸಂಚಿಕೆಯಲ್ಲಿ ಶುರುವಾಗಿ, ಆಗಷ್ಟೇ ಹುಟ್ಟಿದ ನಾಲ್ಕು ಸರಣಿಗಳ (ಸ್ಪಿರಿಟ್ಸ್ ಆಫ್ ವೆಂಜನ್ಸ್, ಮಾರ್ಬಿಯಸ್, ಡಾರ್ಕ್‌ಹೋಲ್ಡ್, ನೈಟ್‌ಸ್ಟಾಕರ್ಸ್) ಮೊದಲ ಸಂಚಿಕೆಗಳನ್ನೆಲ್ಲ ಸುತ್ತಿ, ಘೋಸ್ಟ್ ರೈಡರ್ 31ರಲ್ಲಿ ಮುಗಿಯುತ್ತದೆ. ಕಥೆ ಅಷ್ಟಕ್ಕಷ್ಟೇ, ಅರ್ಧ ಭಾಗ ಪಾತ್ರ ಪರಿಚಯಕ್ಕೇ ಹೋಗಿದೆ. ಆಡಂ, ಆಂಡಿ ಕ್ಯೂಬರ್ಟ್ ಸೋದರರು ಬರೆದ ಉರಿಯುವ ಬುರುಡೆ, ಸರಪಳಿ, ಬೈಕು ನೋಡಲು ಮಾತ್ರ ಈಗಲೂ ಮಜಾ ಇದೆ.

ಮೊದಲನೆಯದು ‘ಕ್ರಾಸ್‌ಓವರ್’, ಅಂದರೆ ಹೀಗೆ ಬೇರೆ ಬೇರೆ ಸರಣಿಗಳ ಪಾತ್ರಗಳು ಒಂದೇ ಕಥೆಯಲ್ಲಿ ಸೇರುವುದು. ನಮ್ಮ ಟಿವಿ ಧಾರಾವಾಹಿಯವರು ‘ಮಹಾಸಂಗಮ’ ಅನ್ನುತ್ತಾರೆ. ಆದರೆ ಆ ಪದ ಕೇಳಿದ ಕೂಡಲೇ ಎರಡು ಮನೆಯವರು ಯಾವುದೋ ಮದುವೆಯಲ್ಲಿ ಸೇರಿ ಅಳುವುದೇ ಕಣ್ಮುಂದೆ ಬರುತ್ತದೆ. ನನಗೆ ಹಿಡಿಸಿದ್ದು ಯಕ್ಷಗಾನದ ‘ಕೂಡಾಟ’. ಎರಡು ಮೇಳದವರು ಒಂದೇ ರಂಗಸ್ಥಳದಲ್ಲಿ ಒಂದೇ ಪ್ರಸಂಗ ಆಡುವುದು. (ಜೋಡಾಟ ಬೇಡ, ಅದರಲ್ಲಿ ಪಕ್ಕಪಕ್ಕದ ರಂಗಸ್ಥಳದಲ್ಲಿ ಪೈಪೋಟಿ.) ತೊಡಕು ಒಂದೇ. ಕೂಡಾಟ ಒಂದು ರಾತ್ರಿಯಲ್ಲಿ ಮುಗಿಯುತ್ತದೆ, ಇಲ್ಲಿ ಕಥೆ ಪೂರ್ತಿ ಆಗಬೇಕಾದರೆ ಆರು ಸಲ ದುಡ್ಡು ಬಿಚ್ಚಬೇಕು. ಆದರೂ ಪದ ಚೆನ್ನಾಗಿದೆ ಅಲ್ವಾ? ಕರಾವಳಿಯ ಆಚೆಯವರಿಗೆ ಅರ್ಥವಾಗುತ್ತದಾ ಹೇಳಿ.

ನಿಜವಾದ ತಲೆನೋವು ‘ಗಿಮಿಕ್ ಕವರ್’, ಅಂದರೆ ಕೊಳ್ಳುವವರನ್ನು ಸೆಳೆಯಲು ಏನಾದರೂ ವಿಶೇಷ ಮಾಡಿದ ಕವರ್.

‘ಗಿಮಿಕ್’ ಕನ್ನಡದ್ದೇ ಆಗಿಹೋಗಿದೆ, ಪತ್ರಿಕೆಯಲ್ಲಿ ದಿನಾ ಬರುತ್ತದೆ. ಆದರೆ ನಮ್ಮಲ್ಲಿ ಅದು ಬರೀ ಬೈಗುಳ, ಚುನಾವಣಾ ಗಿಮಿಕ್ ಅಂದ ಹಾಗೆ. ಈ ಕವರ್‌ಗಳು ಪೂರ್ತಿ ಮೋಸವೇನಲ್ಲ. 1991ರ ಘೋಸ್ಟ್ ರೈಡರ್ 15ರ ಕವರ್ ಕತ್ತಲಲ್ಲಿ ಹೊಳೆಯುತ್ತಿತ್ತು. ಅದೇ ವರ್ಷದ ಸಿಲ್ವರ್ ಸರ್ಫರ್ 50ರ ಕವರ್‌ಗೆ ಬೆಳ್ಳಿ ಹಾಳೆಯ ಉಬ್ಬು ಅಚ್ಚು. ದುಡ್ಡು ಕೀಳುವ ಉಪಾಯ ಹೌದು, ಆದರೆ ಅದರ ಹಿಂದೆ ಅಚ್ಚಿನ ಮನೆಯವರ ಕೈಚಳಕವೂ ಇತ್ತು. ‘ಚಮತ್ಕಾರ’ ಅಂದರೆ ಹೊಗಳಿದ ಹಾಗಾಗುತ್ತದೆ, ‘ತಂತ್ರ’ ಅಂದರೆ ಮಾಟದ ವಾಸನೆ. ದೆವ್ವದ ಕಥೆಯ ಪಕ್ಕದಲ್ಲಿ ಆ ವಾಸನೆ ಬೇರೆ ಬೇಡ.

ಇನ್ನು ‘ಕವರ್’. ಪುಸ್ತಕಕ್ಕಾದರೆ ಮುಖಪುಟ, ರಕ್ಷಾಪುಟ ಎರಡೂ ಇವೆ. ಆದರೆ ಮಿಡ್‌ನೈಟ್ ಸನ್ಸ್‌ನ ಆರೂ ಸಂಚಿಕೆಗಳ ಗಿಮಿಕ್ ಇದ್ದದ್ದು ಪುಟದಲ್ಲಲ್ಲ, ಅದರ ಮೇಲಿನ ಪ್ಲಾಸ್ಟಿಕ್ ಚೀಲದಲ್ಲಿ! ಅಂಟಿಸಿದ ಚೀಲ, ಒಳಗೆ ಒಂದು ಪೋಸ್ಟರ್. ಓದಬೇಕಾದರೆ ಹರಿಯಬೇಕು, ಮುಂದೆ ಬೆಲೆ ಬರಬೇಕಾದರೆ ಹರಿಯಬಾರದು. ಹಾಗಾಗಿ ಓದಲು ಒಂದು, ಎತ್ತಿಡಲು ಒಂದು ಅಂತ ಎರಡೆರಡು ಪ್ರತಿ ಕೊಂಡವರೂ ಇದ್ದರು. 1992ರ ಕೊನೆಯಲ್ಲಿ ಸೂಪರ್‌ಮ್ಯಾನ್ ಸತ್ತ ಸಂಚಿಕೆಯೂ ಹೀಗೇ ಕಪ್ಪು ಚೀಲದಲ್ಲಿ ಬಂತು, ಒಳಗೆ ತೋಳಿಗೆ ಕಟ್ಟಿಕೊಳ್ಳಲು ಕಪ್ಪು ಪಟ್ಟಿ. ಎಲ್ಲರೂ ಎತ್ತಿಟ್ಟ ಮೇಲೆ ಬೆಲೆ ಎಲ್ಲಿಂದ ಏರಬೇಕು? ಕೊಳ್ಳುವವರು ಬೇಸತ್ತರು, ಮಾರುಕಟ್ಟೆ ಕುಸಿಯಿತು. 1996ರ ಡಿಸೆಂಬರಿನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು.

ಈಗ ನೋಡಿ, ಬೆಂಗಳೂರಿನ ಅಂಗಡಿಯಲ್ಲಿ ‘ಒಂದು ಕವರ್ ಕೊಡಿ’ ಅಂದರೆ ಪ್ಲಾಸ್ಟಿಕ್ ಚೀಲವೇ. ‘ಕವರ್ ಹರಿದ ಪ್ರತಿಗೆ ಬೆಲೆ ಕಡಿಮೆ’ ಅಂತ ನಾನು ಬರೆದರೆ ಓದುಗರು ಚೀಲ ಅಂದುಕೊಳ್ಳುತ್ತಾರೋ, ಮುಖಪುಟ ಅಂದುಕೊಳ್ಳುತ್ತಾರೋ? ಮಂಗಳೂರಿನ ‘ತೊಟ್ಟೆ’ ಚೆನ್ನಾಗಿದೆ, ಆದರೆ ಘಟ್ಟ ಹತ್ತುವುದಿಲ್ಲ. ‘ಮುಚ್ಚಿದ ಲಕೋಟೆ’ ಅಂದರೆ ಹೈಕಮಾಂಡ್ ಮುಖ್ಯಮಂತ್ರಿಯ ಹೆಸರು ಕಳಿಸಿದ ಹಾಗಿರುತ್ತದೆ. ಸದ್ಯಕ್ಕೆ ಪುಟಕ್ಕೆ ‘ಮುಖಪುಟ’, ಚೀಲಕ್ಕೆ ‘ಕವರ್’ ಅಂತ ಇಟ್ಟುಕೊಂಡಿದ್ದೇನೆ.

ಹಾಗೇ ಇನ್ನೊಂದು. ಆ ಒಂಬತ್ತು ‘ಸನ್ಸ್’ನಲ್ಲಿ ವಿಕ್ಟೋರಿಯಾ ಮಾಂಟೆಸಿ, ಲೂಯಿಸ್ ಹೇಸ್ಟಿಂಗ್ಸ್ ಇಬ್ಬರು ಹೆಂಗಸರು. ‘ಪುತ್ರರು’ ಬಿಟ್ಟು ‘ನಡುರಾತ್ರಿಯ ಮಕ್ಕಳು’ ಅಂತ ಹಾಕಿದ್ದೇನೆ. ಇದಕ್ಕೆ ಯಾರದ್ದೂ ತಕರಾರಿಲ್ಲ ಅಂದುಕೊಳ್ಳುತ್ತೇನೆ. ‘ಗಿಮಿಕ್’ಗೆ ಮಾತ್ರ, ಅರ್ಧ ಬೈಗುಳ ಅರ್ಧ ಮೆಚ್ಚುಗೆ ಇರುವ ಪದ ಯಾರ ಊರಿನಲ್ಲಾದರೂ ಇದ್ದರೆ ತಿಳಿಸಿ.