ಸೂರ್ಯನ ಅಷ್ಟು ಹತ್ರ ಹೋದ ನೌಕೆ ಕರಗ್ಲಿಲ್ಲ ಯಾಕೆ? ಮತ್ತೆ ನಮ್ಮ ಆದಿತ್ಯ ಎಲ್ಲಿದೆ?

ಅಡಿಕೆಅಂಗಳ (ತೀರ್ಥಹಳ್ಳಿ ಕಡೆ)

ಎಲ್ರಿಗೂ ನಮಸ್ಕಾರ. ನಮ್ಮನೇಲಿ ಈಗ ಅಡಿಕೆ ಸುಲಿಯೋ ಕೆಲ್ಸ ನಡೀತಾ ಇದೆ, ರಾತ್ರಿ ಮೆಟ್ಟುಗತ್ತಿ ಮುಂದೆ ಕೂತೋರಿಗೆ ಮಾತಾಡಕ್ಕೆ ಎಂತಾದ್ರೂ ಬೇಕಲ್ಲ, ನಿನ್ನೆ ಸೂರ್ಯನ ವಿಷ್ಯ ಬಂತು. ನಮ್ಮ ಭಾವ ಹೇಳ್ತಾನೆ ಇಸ್ರೋದವ್ರು ಕಳಿಸಿದ ಆದಿತ್ಯ ಎಲ್‌1 ಸೂರ್ಯನ ಪಕ್ಕಕ್ಕೇ ಹೋಗಿ ನಿಂತಿದೆ ಅಂತ. ಪಿಯುಸಿ ಓದೋ ಮಗಳು ಹೇಳ್ತಾಳೆ, ಇಲ್ಲ ಅಪ್ಪಯ್ಯ, ಹತ್ರ ಹೋಗಿದ್ದು ನಾಸಾದವ್ರ ಪಾರ್ಕರ್ ಅನ್ನೋ ನೌಕೆ, ನಮ್ದು ತುಂಬಾ ದೂರದಲ್ಲೇ ಇದೆ ಅಂತ. ಜೋರು ಜಗಳ. ನಂಗೆ ಎರಡೇ ಪ್ರಶ್ನೆ. ಒಂದು, ಯಾರು ಹೇಳಿದ್ದು ಸರಿ. ಇನ್ನೊಂದು, ಸೂರ್ಯನ ಸುತ್ತ ಇರೋ ಕೊರೋನಾ ಅನ್ನೋ ಬಿಸಿ ಹೊದಿಕೇಲಿ ಹತ್ತಿಪ್ಪತ್ತು ಲಕ್ಷ ಡಿಗ್ರಿ ಶಾಖ ಅಂತಾರೆ, ಅದ್ರೊಳಗೆ ಹೊಕ್ಕಿ ಬಂದ ನೌಕೆ ಕರಗಿ ನೀರಾಗ್ಬೇಕಿತ್ತಲ್ವಾ? ಗೊತ್ತಿದ್ದೋರು ಸ್ವಲ್ಪ ಬಿಡಿಸಿ ಹೇಳಿ ಮಾರಾಯ್ರೆ, ಇಂಗ್ಲಿಷ್ ಲಿಂಕ್ ಮಾತ್ರ ಹಾಕ್ಬೇಡಿ.

ಸಾಗರ_ಟು_ಬೆಂಗ್ಳೂರು

ಮಗಳೇ ಗೆದ್ಲು, ಭಾವಂಗೆ ಬೇಜಾರು ಮಾಡ್ಕೋಬೇಡಿ ಅನ್ನಿ. ಆದಿತ್ಯ ಇರೋದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ. ಸೂರ್ಯ ಇರೋದು 15 ಕೋಟಿ ಕಿ.ಮೀ. ದೂರ. ಅಂದ್ರೆ ದಾರೀಲಿ ನೂರಕ್ಕೆ ಒಂದು ಭಾಗ ಹೋಗಿದೆ ಅಷ್ಟೆ. ಟೀವಿಯವ್ರು "ಸೂರ್ಯ ಶಿಕಾರಿ" ಅಂತೆಲ್ಲ ಬೆಂಕಿ ಗ್ರಾಫಿಕ್ಸ್ ಹಾಕಿ ತೋರ್ಸಿದ್ರಲ್ಲ, ಅರ್ಧ ಗೊಂದಲ ಅದ್ರಿಂದ್ಲೇ ಆಗಿದ್ದು.

ಆದ್ರೆ ಹತ್ರ ಹೋಗ್ಲಿಲ್ಲ ಅಂತ ಅದೇನು ಕಮ್ಮಿ ಕೆಲ್ಸ ಅಲ್ಲ. 2023 ಸೆಪ್ಟೆಂಬರ್ 2ಕ್ಕೆ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಸಿ57ರಲ್ಲಿ ಹೋಯ್ತು, 2024 ಜನವರಿ 6ಕ್ಕೆ ಎಲ್‌1 ಸುತ್ತ ಇರೋ ಕಕ್ಷೆಗೆ ಸೇರ್ತು. ಆ ಜಾಗದ ವಿಶೇಷ ಏನಂದ್ರೆ ಅಲ್ಲಿ ಸೂರ್ಯ ಮತ್ತೆ ಭೂಮಿ ಎರಡರ ಎಳೆತ ಹೊಂದ್ಕೊಂಡು ನೌಕೆ ಭೂಮಿ ಜೊತೆಜೊತೆಗೇ ಸೂರ್ಯನ್ನ ಸುತ್ತುತ್ತೆ, ಭೂಮಿಯಾಗ್ಲಿ ಚಂದ್ರ ಆಗ್ಲಿ ಅಡ್ಡ ಬರಲ್ಲ, ರಾತ್ರಿ ಇಲ್ಲ, ಗ್ರಹಣ ಇಲ್ಲ, ಇಪ್ಪತ್ನಾಲ್ಕು ಗಂಟೆ ಸೂರ್ಯ ಕಣ್ಮುಂದೆ. ಜುಲೈನಲ್ಲಿ ಆಗುಂಬೆ ಕಡೆ ವಾರಗಟ್ಲೆ ಬಿಸಿಲೇ ಕಾಣ್ದೆ ಕೂರೋ ನಮಗೆ ಕೇಳಿದ್ರೇ ಹೊಟ್ಟೆ ಉರೀಬೇಕು.

ಅದ್ರಲ್ಲಿ ಏಳು ಉಪಕರಣ ಇದಾವೆ. ದೊಡ್ಡದು ವಿಇಎಲ್‌ಸಿ ಅಂತ, ಮಾಡಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವ್ರು, ಹೊಸಕೋಟೆಲಿರೋ ಅವ್ರ ಕ್ಯಾಂಪಸ್‌ನಲ್ಲಿ. ಸೂರ್ಯನ ಬಿಂಬದ ಬೆಳಕನ್ನ ಒಳಗೇ ತಡೆದು ಸುತ್ತ ಇರೋ ಕೊರೋನಾ ಮಾತ್ರ ನೋಡೋ ಹಂಗೆ ಮಾಡಿದಾರೆ. ಖಗ್ರಾಸ ಗ್ರಹಣದಲ್ಲಿ ಎರಡ್ಮೂರು ನಿಮಿಷ ಕಾಣೋದನ್ನ ಇದು ದಿನಾ ನೋಡುತ್ತೆ. 1980 ಫೆಬ್ರವರಿ 16ರ ಗ್ರಹಣ ಅಂಕೋಲಾ, ಹುಬ್ಬಳ್ಳಿ ಕಡೆ ಪೂರ್ತಿ ಹಿಡಿದಿತ್ತಲ್ಲ, ಆಗ ದೇಶದ ವಿಜ್ಞಾನಿಗಳು ಟೆಲಿಸ್ಕೋಪ್ ಹೊತ್ಕೊಂಡು ಬಂದಿದ್ದು ಆ ಎರಡು ನಿಮಿಷಕ್ಕೇ.

ಫಿಸಿಕ್ಸ್_ಮೇಷ್ಟ್ರು (ಶಿವಮೊಗ್ಗ)

ಎರಡನೇ ಪ್ರಶ್ನೆ ನಾನು ತಗೋತೀನಿ. ಪ್ರತಿ ವರ್ಷ ಕ್ಲಾಸಲ್ಲಿ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ.

ಮೊದ್ಲು ಲೆಕ್ಕ ಹೇಳ್ಬಿಡ್ತೀನಿ. ಪಾರ್ಕರ್ ಸೋಲಾರ್ ಪ್ರೋಬ್ ಹೊರಟಿದ್ದು 2018 ಆಗಸ್ಟ್ 12. ಕೊರೋನಾದೊಳಗೆ ಮೊದ್ಲು ಹೊಕ್ಕಿದ್ದು 2021 ಏಪ್ರಿಲ್‌ನಲ್ಲಿ. ಎಲ್ಲಕ್ಕಿಂತ ಹತ್ರ ಹೋಗಿದ್ದು 2024 ಡಿಸೆಂಬರ್ 24ಕ್ಕೆ, ಸೂರ್ಯನ ಮೇಲ್ಮೈಯಿಂದ 61 ಲಕ್ಷ ಕಿ.ಮೀ. ಕೇಳಕ್ಕೆ ದೂರ ಅನ್ಸುತ್ತೆ, ಆದ್ರೆ ಅದಕ್ಕೂ ಮುಂಚಿನ ದಾಖಲೆ 1976ರಲ್ಲಿ ಹೀಲಿಯೋಸ್ 2 ಅನ್ನೋ ನೌಕೆ ಮಾಡಿದ್ದು, ಅದೇ ಸುಮಾರು 4 ಕೋಟಿ 30 ಲಕ್ಷ ಇತ್ತು.

ಈಗ ಶಾಖದ ಮಾತು. ಟೆಂಪರೇಚರ್ ಬೇರೆ, ಹೀಟ್ ಬೇರೆ, ಇಲ್ಲೇ ಎಲ್ರೂ ಎಡವೋದು. ದೀಪಾವಳಿಲಿ ಸುರ್‌ಸುರ್ ಬತ್ತಿ ಹಚ್ತೀವಲ್ಲ, ಅದ್ರ ಕಿಡಿ ಸಾವಿರ ಡಿಗ್ರಿ ದಾಟಿರುತ್ತೆ, ಮಕ್ಕಳ ಕೈಮೇಲೆ ಬಿದ್ರೂ ಚುರ್ ಅಂದು ಆರಿ ಹೋಗುತ್ತೆ. ಅದೇ ಅಡಿಕೆ ಬೇಯೋ ಹಂಡೆಯಿಂದ ಒಂದು ಸೌಟು ಚೊಗರು ಕೈಮೇಲೆ ಚೆಲ್ಲಿದ್ರೆ? ಅದು ನೂರು ಡಿಗ್ರಿ ಆಸುಪಾಸು ಅಷ್ಟೆ, ಆದ್ರೆ ಚರ್ಮ ಕಿತ್ತು ಬರುತ್ತೆ. ಕಿಡೀಲಿ ಇರೋ ದ್ರವ್ಯ ಚೂರೇ ಚೂರು, ಅದಕ್ಕೆ ಕೊಡಕ್ಕೆ ಶಾಖಾನೇ ಇಲ್ಲ. ಕೊರೋನಾನೂ ಹಂಗೇ. ಒಂದೊಂದು ಕಣದ ವೇಗ ನೋಡಿದ್ರೆ ಲಕ್ಷಗಟ್ಲೆ ಡಿಗ್ರಿ, ಆದ್ರೆ ಕಣಗಳೇ ಅಷ್ಟು ವಿರಳ ಅಂದ್ರೆ ನೌಕೆಗೆ ಅವು ತಾಗಿ ಕೊಡೋ ಶಾಖ ಲೆಕ್ಕಕ್ಕೇ ಇಲ್ಲ.

ನಿಜವಾದ ತಲೆನೋವು ಬಿಸಿಲು. ಅಷ್ಟು ಹತ್ರ ಸೂರ್ಯನ ಬೆಳಕು ಇಲ್ಲಿಗಿಂತ ಸುಮಾರು 475 ಪಟ್ಟು ಜೋರು. ಅದಕ್ಕೆ ಮುಂದೆ ಒಂದು ಗುರಾಣಿ ಇಟ್ಟಿದಾರೆ, ಎಂಟು ಅಡಿ ಅಗಲ, ದಪ್ಪ ಬರೀ ನಾಲ್ಕೂವರೆ ಇಂಚು. ಎರಡು ಕಡೆ ಕಾರ್ಬನ್ ಹಲಗೆ, ಮಧ್ಯ ಕಾರ್ಬನ್ ಫೋಮ್, ಆ ಫೋಮ್‌ನಲ್ಲಿ ನೂರಕ್ಕೆ 97 ಭಾಗ ಖಾಲಿನೇ. ಇಡೀ ಗುರಾಣಿ ತೂಕ ಸುಮಾರು 73 ಕೆ.ಜಿ. ಸೂರ್ಯನ ಕಡೆ ಮುಖಕ್ಕೆ ಬಿಳಿ ಸೆರಾಮಿಕ್ ಬಳಿದಿದಾರೆ, ಬೆಳಕು ಆದಷ್ಟೂ ವಾಪಸ್ ಹೋಗ್ಲಿ ಅಂತ. ಮುಂದಿನ ಮುಖ 1,370 ಡಿಗ್ರಿವರೆಗೂ ಕಾಯಬೋದು ಅಂತ ಲೆಕ್ಕ ಹಾಕಿದ್ರು, ಅದ್ರ ನೆರಳಲ್ಲಿ ಕೂತಿರೋ ಉಪಕರಣಗಳಿಗೆ ಹೆಚ್ಚುಕಮ್ಮಿ 30 ಡಿಗ್ರಿ. ಏಪ್ರಿಲ್ ತಿಂಗಳ ಶಿವಮೊಗ್ಗಕ್ಕಿಂತ ಆರಾಮು!

ಸೋಲಾರ್ ಪ್ಯಾನೆಲ್ ಮಾತ್ರ ಬಿಸಿಲಿಗೆ ಬರ್ಲೇಬೇಕಲ್ಲ ಅಂತ ಕೇಳ್ತೀರ. ಹತ್ರ ಹೋದಾಗ ಅದನ್ನ ಹಿಂದಕ್ಕೆ ಮಡಚ್ಕೊಂಡು ತುದಿ ಮಾತ್ರ ಹೊರಗಿಡುತ್ತೆ, ಆ ತುದಿನ ತಣ್ಣಗಿಡಕ್ಕೆ ಒಳಗೆ ನೀರು ಓಡ್ತಿರುತ್ತೆ. ಹೌದು, ಬರೀ ಶುದ್ಧ ನೀರು, ಕೆಲವೇ ಲೀಟರ್. ನಂಗೆ ಇಡೀ ನೌಕೇಲಿ ತುಂಬಾ ಇಷ್ಟ ಆಗಿದ್ದು ಇದೇ.

ತುಂಗಾತೀರ

ಮೇಷ್ಟ್ರೇ ಚೆನ್ನಾಗಿ ಹೇಳಿದ್ರಿ. ಆದ್ರೆ ಒಂದು ಡೌಟು. ಸೂರ್ಯನ ಗುರುತ್ವ ಅಷ್ಟು ಜೋರಿದೆಯಲ್ಲ, ಭೂಮಿಯಿಂದ ಆಚೆ ತಳ್ಳಿದ್ರೆ ಸಾಕು ತಾನಾಗೇ ಸೂರ್ಯನ ಕಡೆ ಬೀಳ್ಬೇಕಿತ್ತು, ಆರು ವರ್ಷ ಯಾಕೆ ಬೇಕಾಯ್ತು ಅಷ್ಟು ಹತ್ರ ಹೋಗಕ್ಕೆ?

ಫಿಸಿಕ್ಸ್_ಮೇಷ್ಟ್ರು (ಶಿವಮೊಗ್ಗ)

@ತುಂಗಾತೀರ ಒಳ್ಳೆ ಪ್ರಶ್ನೆ. ಭೂಮಿ ಸುಮ್ನೆ ನಿಂತಿದ್ರೆ ನೀವು ಹೇಳಿದಂಗೇ ಆಗ್ತಿತ್ತು. ಆದ್ರೆ ನಾವೆಲ್ಲ ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಸೂರ್ಯನ ಸುತ್ತ ಅಡ್ಡಕ್ಕೆ ಓಡ್ತಾ ಇದೀವಿ. ಇಲ್ಲಿಂದ ಹೊರಟ ನೌಕೆಗೂ ಆ ಅಡ್ಡ ಓಟ ಬಂದೇ ಬರುತ್ತೆ, ಅದಿರೋ ತನ್ಕ ಸೂರ್ಯನ ಕಡೆ ಬೀಳಲ್ಲ, ಸುತ್ತ ತಿರುಗ್ತಾನೇ ಇರುತ್ತೆ. ಬೀಳ್ಬೇಕು ಅಂದ್ರೆ ಆ ವೇಗ ಕಳೀಬೇಕು. ಮಂಗಳಕ್ಕೆ ಹೋಗೋದಕ್ಕಿಂತ ಸೂರ್ಯನ ಹತ್ರ ಹೋಗಕ್ಕೆ 55 ಪಟ್ಟು ಶಕ್ತಿ ಬೇಕು ಅಂತ ನಾಸಾದವ್ರೇ ಹೇಳ್ತಾರೆ. ಡೆಲ್ಟಾ 4 ಹೆವಿ ಅನ್ನೋ ದೈತ್ಯ ರಾಕೆಟ್ ಮೇಲೆ 700 ಕೆ.ಜಿ.ನೂ ಇಲ್ದಿರೋ ನೌಕೆ ಕೂರಿಸಿದ್ದು ಅದಕ್ಕೇ.

ಅಷ್ಟು ಮಾಡಿದ್ರೂ ಸಾಲ್ಲಿಲ್ಲ, ಶುಕ್ರನ ಸಹಾಯ ಬೇಕಾಯ್ತು. ಶುಕ್ರನ ಪಕ್ಕದಲ್ಲಿ ಹಾದು ಹೋಗುವಾಗ ತನ್ನ ವೇಗ ಒಂಚೂರು ಅವನಿಗೆ ಕೊಟ್ಟು ಮುಂದೆ ಹೋಗೋದು, ಪ್ರತಿ ಸಲ ಹಂಗೆ ಮಾಡ್ದಾಗ ಕಕ್ಷೆ ಸೂರ್ಯನ ಕಡೆಗೆ ಇನ್ನಷ್ಟು ಒಳಗೆ ಸರಿಯುತ್ತೆ. ಹಿಂಗೆ ಏಳು ಸಲ. ಕೊನೇದು 2024 ನವೆಂಬರ್ 6ಕ್ಕೆ. ಮೊದ್ಲ ಸುತ್ತಲ್ಲಿ ಎರಡು ಕೋಟಿ ನಲವತ್ತು ಲಕ್ಷ ಕಿ.ಮೀ. ದೂರ ಇದ್ದಿದ್ದು ಕೊನೆಗೆ 61 ಲಕ್ಷಕ್ಕೆ ಬಂತು. ಸೂರ್ಯನ ಹತ್ರ ಬಂದಾಗ ಮಾತ್ರ ವೇಗ ಏರುತ್ತೆ, ಗಂಟೆಗೆ 6 ಲಕ್ಷ 90 ಸಾವಿರ ಕಿ.ಮೀ., ಮನುಷ್ಯ ಮಾಡಿದ ಬೇರೆ ಯಾವ ವಸ್ತುನೂ ಇಷ್ಟು ವೇಗ ಹೋಗಿಲ್ಲ.

ಕೊಳೆಔಷ್ಧಿ

ಎಲ್ಲಾ ಸರಿ ಸ್ವಾಮಿ. ಇಲ್ಲಿ ಎಲೆಚುಕ್ಕಿ ರೋಗ ಬಂದು ತೋಟ ತೋಟನೇ ಒಣಗ್ತಾ ಇದೆ, ಮಳೆಗಾಲದಲ್ಲಿ ಕೊಳೆ, ಮಂಗನ ಕಾಟ, ಅದನ್ನ ಕೇಳೋರಿಲ್ಲ. ಇವ್ರು ಸೂರ್ಯನ್ನ ನೋಡ್ಕೊಂಡು ಬರಕ್ಕೆ ಕೋಟಿಗಟ್ಲೆ ಸುರೀತಾರೆ. ಸೂರ್ಯ ಬೆಳಿಗ್ಗೆ ಬರ್ತಾನೆ ಸಂಜೆ ಹೋಗ್ತಾನೆ, ಇನ್ನೆಂತ ಗೊತ್ತಾಗ್ಬೇಕಿತ್ತು ಇವ್ರಿಗೆ?

ಎಮ್ಮೆಸ್ಸಿ_ಶಂಕರಘಟ್ಟ

@ಕೊಳೆಔಷ್ಧಿ ಅಣ್ಣ ನಮ್ಮನೆ ತೋಟಕ್ಕೂ ಎಲೆಚುಕ್ಕಿ ಬಂದಿದೆ, ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಆದ್ರೂ ಇದನ್ನ ಕೇಳಿ. 1989 ಮಾರ್ಚ್‌ನಲ್ಲಿ ಸೂರ್ಯನಿಂದ ಹಾರಿದ ಕಣಗಳ ಒಂದು ದೊಡ್ಡ ಅಲೆ ಭೂಮಿಗೆ ಬಡಿದು ಕೆನಡಾದ ಕ್ವಿಬೆಕ್‌ನಲ್ಲಿ ಇಡೀ ಗ್ರಿಡ್ ಕುಸಿದು ಒಂಬತ್ತು ಗಂಟೆ ಕರೆಂಟ್ ಇರ್ಲಿಲ್ಲ, ಅರವತ್ತು ಲಕ್ಷ ಜನಕ್ಕೆ. ಉದ್ದುದ್ದ ಕರೆಂಟ್ ಲೈನ್ ಇದ್ದಷ್ಟೂ ತೊಂದ್ರೆ ಜಾಸ್ತಿ. ನಾವು ಧ್ರುವದಿಂದ ದೂರ ಇರೋದ್ರಿಂದ ಅಷ್ಟು ಭಯ ಇಲ್ಲ ನಿಜ, ಆದ್ರೆ ಉಪಗ್ರಹಗಳಿಗೆ ಆ ರಿಯಾಯ್ತಿ ಇಲ್ಲ. 2022 ಫೆಬ್ರವರಿಲಿ ಸ್ಟಾರ್‌ಲಿಂಕ್‌ನವ್ರು ಬಿಟ್ಟ 49 ಉಪಗ್ರಹದಲ್ಲಿ ಹೆಚ್ಚುಕಮ್ಮಿ 40 ಹಂಗೇ ಬಿದ್ದು ಸುಟ್ಟೋದ್ವು, ಅದೂ ಸಣ್ಣ ಸೌರ ಬಿರುಗಾಳಿಗೆ. 2024 ಮೇ ತಿಂಗಳಲ್ಲಿ ಬಂತಲ್ಲ ದೊಡ್ಡದು, ಲಡಾಖ್‌ನ ಹಾನ್ಲೆಲಿ ಆಕಾಶ ಕೆಂಪಾಯ್ತು ಅಂತ ಫೋಟೋ ಓಡಾಡ್ತಿತ್ತು, ಆಗ ಅಮೆರಿಕಾದಲ್ಲಿ ಜೋಳ ಬಿತ್ತೋ ಹೊತ್ತಿಗೆ ಸರಿಯಾಗಿ ಟ್ರ್ಯಾಕ್ಟರ್‌ಗಳ ಜಿಪಿಎಸ್ ಕೈಕೊಟ್ಟು ರೈತರು ಬಿತ್ತನೆ ನಿಲ್ಲಿಸಿ ಕೂರ್ಬೇಕಾಯ್ತು. ಸೂರ್ಯನಿಗೂ ರೈತನಿಗೂ ಸಂಬಂಧ ಬರೀ ಬಿಸಿಲಿಂದು ಅಲ್ಲ.

ಆದಿತ್ಯ ಎಲ್‌1ಲ್ಲಿ ಕೂತಿರೋದ್ರಿಂದ ಸೂರ್ಯನಿಂದ ಬೀಸೋ ಆ ಕಣಗಳ ಗಾಳಿ ನಮಗಿಂತ ಮುಂಚೆ ಅದಕ್ಕೆ ತಾಗುತ್ತೆ. ಮುಕ್ಕಾಲು ಗಂಟೆನೋ ಒಂದು ಗಂಟೆನೋ ಮುಂಚೆ, ಬರೋ ವೇಗದ ಮೇಲೆ. ಸೂರ್ಯನ ಮೇಲೆ ಸ್ಫೋಟ ಆಗಿದ್ದನ್ನೇ ನೋಡಿದ್ರೆ ಒಂದೆರಡು ದಿನ ಟೈಮ್ ಸಿಗುತ್ತೆ. ಪಾರ್ಕರ್ ಕೆಲ್ಸ ಬೇರೆ, ಅದು ಗಾಳಿ ಹುಟ್ಟೋ ಜಾಗಕ್ಕೇ ಹೋಗಿ ಮೂಗೊಡ್ಡಿ ಬರುತ್ತೆ. ಸೂರ್ಯನ ಮೇಲ್ಮೈ 5,500 ಡಿಗ್ರಿ, ಅದ್ರಿಂದ ದೂರ ಹೋದ್ಹಂಗೆ ತಣ್ಣಗಾಗೋದು ಬಿಟ್ಟು ಕೊರೋನಾ ಲಕ್ಷಗಟ್ಲೆ ಡಿಗ್ರಿ ಯಾಕೆ ಏರುತ್ತೆ ಅನ್ನೋದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಅಲ್ಲಿ ಕಾಂತಕ್ಷೇತ್ರ ಇದ್ದಕ್ಕಿದ್ದಂಗೆ ಹಿಂದಕ್ಕೆ ಮಡಚ್ಕೊಂಡು ಮತ್ತೆ ನೆಟ್ಟಗಾಗೋದನ್ನ ಪಾರ್ಕರ್ ಮೊದ್ಲ ಸುತ್ತಿಂದ್ಲೇ ಸಿಕ್ಕಾಪಟ್ಟೆ ಕಂಡಿದೆ, ಸ್ವಿಚ್‌ಬ್ಯಾಕ್ ಅಂತಾರೆ ಅದಕ್ಕೆ, ಉತ್ತರದ ಒಂದು ತುಂಡು ಅದ್ರಲ್ಲಿ ಇರ್ಬೋದು ಅಂತ ಕೆಲವ್ರ ವಾದ.

ಹೆಸರಿನ ಕಥೆನೂ ಹೇಳ್ಬಿಡ್ತೀನಿ. ಅಮೆರಿಕಾದ ವಿಜ್ಞಾನಿ ಯೂಜಿನ್ ಪಾರ್ಕರ್ 1958ರಲ್ಲಿ ಸೂರ್ಯನಿಂದ ಸದಾ ಗಾಳಿ ಬೀಸ್ತಾ ಇರುತ್ತೆ ಅಂತ ಪೇಪರ್ ಬರೆದಾಗ ಪರಿಶೀಲಿಸಿದ ಇಬ್ರೂ ಇದಾಗಲ್ಲ ಅಂದ್ರಂತೆ. ಆ ವಿಜ್ಞಾನ ಪತ್ರಿಕೆಗೆ ಆಗ ಸಂಪಾದಕರಾಗಿದ್ದೋರು ನಮ್ಮ ಖಭೌತ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವ್ರಿಗೂ ಆ ಐಡಿಯಾ ಅಷ್ಟಾಗಿ ಹಿಡಿಸಿರ್ಲಿಲ್ಲ, ಆದ್ರೆ ಗಣಿತದಲ್ಲಿ ತಪ್ಪು ಸಿಗ್ಲಿಲ್ಲ ಅಂತ ಅಚ್ಚು ಹಾಕಿದ್ರು. ಅರವತ್ತು ವರ್ಷ ಆದ್ಮೇಲೆ 91ನೇ ವಯಸ್ಸಲ್ಲಿ ತಮ್ಮ ಹೆಸರಿನ ನೌಕೆ ಹಾರೋದನ್ನ ಪಾರ್ಕರ್ ಎದುರಿಗೇ ನಿಂತು ನೋಡಿದ್ರು, 2022ರಲ್ಲಿ ತೀರ್ಕೊಂಡ್ರು.

ಕೊಳೆಔಷ್ಧಿ

ಚಂದ್ರಶೇಖರ್ ವಿಷ್ಯ ಗೊತ್ತಿರ್ಲಿಲ್ಲ ತಂಗಿ, ಚೆನ್ನಾಗಿದೆ. ಜಿಪಿಎಸ್ ವಿಷ್ಯನೂ ಒಪ್ದೆ. ಆದ್ರೆ ಎಲೆಚುಕ್ಕಿ ನೋಡಕ್ಕೂ ಯಾರಾದ್ರೂ ಎಂತಾದ್ರೂ ಹಾರ್ಸಿದ್ರೆ ಬೇಡ ಅನ್ನಲ್ಲ.

ಅಡಿಕೆಅಂಗಳ (ತೀರ್ಥಹಳ್ಳಿ ಕಡೆ)

ಎಲ್ರಿಗೂ ದೊಡ್ಡ ಥ್ಯಾಂಕ್ಸ್. ಜೋರಾಗಿ ಓದಿ ಹೇಳ್ದೆ, ಭಾವ ಆಯ್ತು ಒಪ್ದೆ ಅಂದು ಈಗ ಹೊಸ ಪ್ರಶ್ನೆ ತೆಗ್ದಿದಾನೆ. ಗುರಾಣಿ ಒಂಚೂರು ವಾಲಿದ್ರೆ ಕಥೆ ಮುಗೀತಲ್ಲ, ಅದನ್ನ ಇಲ್ಲಿಂದ ರಿಮೋಟಲ್ಲಿ ನೋಡ್ಕೋತಾರಾ? ಮತ್ತೆ ಮಗಳು ಕೇಳ್ತಿದಾಳೆ ಅಷ್ಟು ಹತ್ರ ಹೋಗಿ ಸೂರ್ಯನ ಮುಖದ ಫೋಟೋ ಯಾಕೆ ಕಳಿಸ್ಲಿಲ್ಲ ಅಂತ.

ಸಾಗರ_ಟು_ಬೆಂಗ್ಳೂರು

ರಿಮೋಟ್ ನಡೆಯಲ್ಲ. ಬೆಳಕು ಸೂರ್ಯನಿಂದ ಇಲ್ಲಿಗೆ ಬರಕ್ಕೇ ಎಂಟು ನಿಮಿಷ ಬೇಕು, ವಾಲ್ತಾ ಇದೆ ಅನ್ನೋ ಸುದ್ದಿ ಬರೋಷ್ಟರಲ್ಲಿ ಸುಟ್ಟು ಬೂದಿ. ಅದಕ್ಕೆ ನೆರಳಿನ ಅಂಚಲ್ಲಿ ಸಣ್ಣ ಸಣ್ಣ ಸೆನ್ಸರ್ ಇಟ್ಟಿದಾರೆ, ಯಾವುದಕ್ಕಾದ್ರೂ ಬಿಸಿಲು ಬಿತ್ತು ಅಂದ್ರೆ ನೌಕೆ ತಾನೇ ತಿರುಗಿ ಸರಿ ಮಾಡ್ಕೊಳುತ್ತೆ. ನಾನು ಸಾಫ್ಟ್‌ವೇರ್‌ನಲ್ಲಿ ಇರೋನು, ಸರ್ವರ್ ಎರಡು ನಿಮಿಷ ಉತ್ತರ ಕೊಡ್ಲಿಲ್ಲ ಅಂದ್ರೆ ನಮ್ಮಲ್ಲಿ ಫೋನ್ ಮೇಲೆ ಫೋನ್. ಆ ಡಿಸೆಂಬರ್ 24ರ ಹೊತ್ತಿಗೆ ನೌಕೆ ಜೊತೆ ಸಂಪರ್ಕವೇ ಇರ್ಲಿಲ್ಲ, ಅಮೆರಿಕಾದಲ್ಲಿ 26ರ ರಾತ್ರಿ ಒಂದು ಬೀಕನ್ ಸಿಗ್ನಲ್ ಬಂತು, "ಬದುಕಿದೀನಿ" ಅನ್ನೋ ಅಷ್ಟೇ ಅರ್ಥ ಅದಕ್ಕೆ. ಡೇಟಾ ಎಲ್ಲ ಆಮೇಲೆ. ಅಲ್ಲಿ ಕೂತೋರು ಕ್ರಿಸ್ಮಸ್ ಹೆಂಗೆ ಕಳೆದ್ರೋ ದೇವ್ರಿಗೇ ಗೊತ್ತು.

ಫೋಟೋ ವಿಷ್ಯ, ಮುಖ ನೋಡ್ಬೇಕಂದ್ರೆ ಕ್ಯಾಮರಾ ಗುರಾಣಿಯಿಂದ ಆಚೆ ಇಣುಕ್ಬೇಕು, ಇಣುಕಿದ್ರೆ ಮುಗೀತು. ಅದ್ರಲ್ಲಿರೋ ಕ್ಯಾಮರಾ ಪಕ್ಕಕ್ಕೆ ನೋಡುತ್ತೆ, ಹಾದು ಹೋಗೋ ಸೌರ ಗಾಳಿ, ಸ್ಫೋಟದ ಅಲೆ ಇವುಗಳನ್ನ ತೆಗೆಯುತ್ತೆ. ಗುರಾಣಿ ಬಿಟ್ಟು ಹೊರಗೆ ಚಾಚ್ಕೊಂಡಿರೋದ್ರಲ್ಲಿ ಒಂದು ಬಟ್ಟಲಿನಂಥ ಉಪಕರಣ, ಸೌರ ಗಾಳಿ ಹಿಡಿಯಕ್ಕೆ, ಅದಕ್ಕೆ ಮಾಮೂಲಿ ವೈರ್ ಹಾಕಿದ್ರೆ ಕರಗುತ್ತೆ ಅಂತ ನಿಯೋಬಿಯಂ ತಂತಿ ಹಾಕಿ ಅದ್ರ ಮೇಲೆ ನೀಲಮಣಿ ಹರಳಿನ ಕೊಳವೆ ತೊಡಿಸಿದಾರೆ.

ಸೂರ್ಯನ ಮುಖ ನೋಡ್ಬೇಕಂದ್ರೆ ನಮ್ಮ ಆದಿತ್ಯದ್ದೇ ನೋಡ್ಸಿ ಮಗಳಿಗೆ. ಅದ್ರಲ್ಲಿ ಸೂಟ್ ಅಂತ ಟೆಲಿಸ್ಕೋಪ್ ಇದೆ, ಪುಣೆಯ ಅಯುಕಾ ಅನ್ನೋ ಖಗೋಳ ಸಂಶೋಧನಾ ಸಂಸ್ಥೆಯವ್ರದು, ಅಲ್ಟ್ರಾವಯೊಲೆಟ್‌ನಲ್ಲಿ ಸೂರ್ಯನ ಪೂರ್ತಿ ಬಿಂಬ ತೆಗೆಯುತ್ತೆ. ಆದಿತ್ಯದ ಡೇಟಾನ 2025 ಜನವರಿಯಿಂದ ಇಸ್ರೋದವ್ರು ಎಲ್ರಿಗೂ ಬಿಟ್ಟಿದಾರೆ, ಬೆಂಗಳೂರು ಪಕ್ಕದ ಬ್ಯಾಲಾಳು ಹತ್ರ ಇರೋ ಇಸ್ರೋ ಡೇಟಾ ಕೇಂದ್ರ ಐಎಸ್‌ಎಸ್‌ಡಿಸಿಯವ್ರ ಪ್ರದಾನ್ ಅನ್ನೋ ಸೈಟಲ್ಲಿ ಹೆಸರು ರಿಜಿಸ್ಟರ್ ಮಾಡ್ಕೊಂಡ್ರೆ ಸಾಕು, ದುಡ್ಡೇನಿಲ್ಲ. ಫೈಲು ಮಾತ್ರ ಮಾಮೂಲಿ ಫೋಟೋ ಥರ ಮೊಬೈಲಲ್ಲಿ ತೆರೆಯಲ್ಲ, ಅದು ಫಿಟ್ಸ್ ಫಾರ್ಮ್ಯಾಟು, ಕಂಪ್ಯೂಟರಲ್ಲಿ ಒಂದು ಫ್ರೀ ಸಾಫ್ಟ್‌ವೇರ್ ಬೇಕು. ಮಗಳಿಗೆ ಬೇಕಂದ್ರೆ ಮೆಸೇಜ್ ಮಾಡಕ್ಕೆ ಹೇಳಿ, ಹಾಕ್ಕೊಳೋದು ಹೆಂಗೆ ಅಂತ ಬರ್ದು ಕಳಿಸ್ತೀನಿ.